ಅರ್ಧ ಹೇಳಿ ಪಡೆದ ಕ್ಷಮೆ

ಪ್ರಶ್ನೆ: ನನಗೆ 41 ವರ್ಷ, ಹೆಂಡತಿಗೆ 37. ಮನೆ ದಾವಣಗೆರೆಯಲ್ಲಿ. ಮದುವೆಯಾಗಿ 14 ವರ್ಷ, ಇಬ್ಬರು ಹೆಣ್ಣುಮಕ್ಕಳು. ಹುಬ್ಬಳ್ಳಿಗೆ ವರ್ಗವಾಗಿ ಎರಡು ವರ್ಷ ಅಲ್ಲೇ ರೂಮ್ ಮಾಡಿಕೊಂಡಿದ್ದೆ. ಶನಿವಾರ ರಾತ್ರಿ ಮನೆಗೆ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದೆ. ಅಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸಂಬಂಧ ಬೆಳೆಯಿತು. ಎಂಟು ತಿಂಗಳ ಹಿಂದೆ ಮೊಬೈಲ್‌ನಲ್ಲಿ ಮೆಸೇಜ್ ಕಂಡು ಹೆಂಡತಿಗೆ ಗೊತ್ತಾಯಿತು. ಗಾಬರಿಯಲ್ಲಿ 'ಮೂರು ತಿಂಗಳಿಂದ ಅಷ್ಟೇ, ಎರಡು ಸಲ ಭೇಟಿಯಾಗಿದ್ದು' ಎಂದೆ. ನಿಜಕ್ಕೂ ಅದು 19 ತಿಂಗಳ ಸಂಬಂಧ. ಆಕೆಗೆ 1,80,000 ರೂಪಾಯಿಯನ್ನೂ ಕೊಟ್ಟಿದ್ದೇನೆ. ಅದು ಸೈಟಿಗೆಂದು ಇಬ್ಬರೂ ಕೂಡಿಟ್ಟಿದ್ದ ಎಫ್‌ಡಿ ಹಣ. ಗೆಳೆಯನ ಆಪರೇಷನ್‌ಗೆ ಕೊಟ್ಟೆ ಎಂದು ಮನೆಯಲ್ಲಿ ಹೇಳಿದ್ದೆ. 'ಇಷ್ಟೇನಾ, ಇನ್ನೇನೂ ಇಲ್ವಾ?' ಎಂದು ಹೆಂಡತಿ ಕೇಳಿದಾಗ ದೇವರ ಮುಂದೆ ದೀಪ ಮುಟ್ಟಿ ಇಷ್ಟೇ ಎಂದು ಆಣೆ ಮಾಡಿದೆ. ಮೂರು ತಿಂಗಳು ಮಾತು ಬಿಟ್ಟಿದ್ದವಳು ಆಮೇಲೆ 'ಆಯ್ತು, ಕ್ಷಮಿಸಿದ್ದೇನೆ' ಎಂದಳು. ನಾನೂ ಊರಿಗೇ ವರ್ಗ ಮಾಡಿಸಿಕೊಂಡು ಬಂದೆ. ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ಆದರೆ ಈಗಲೂ ರಾತ್ರಿ ಮಕ್ಕಳು ಮಲಗಿದ ಮೇಲೆ ಕೇಳಿದ್ದನ್ನೇ ಕೇಳುತ್ತಾಳೆ. ಹೆಚ್ಚಾಗಿ ಕೇಳುವುದು ಒಂದೇ: 'ಆ ವರ್ಷ ಯುಗಾದಿಗೆ ಮಾರ್ಚ್ ಎಂಡ್ ಕೆಲಸ ಅಂತ ಬರಲಿಲ್ವಲ್ಲ, ಅವತ್ತು ಎಲ್ಲಿದ್ರಿ?' ಕ್ಷಮಿಸಿದ ಮೇಲೂ ಯಾಕೆ ಹೀಗೆ? ಉಳಿದದ್ದನ್ನು ಹೇಳಬೇಕೇ? 'ಆರಿದ ಬೆಂಕಿ ಕೆದಕಬೇಡ' ಎನ್ನುತ್ತಾನೆ ಗೆಳೆಯ. ಹೋದ ತಿಂಗಳು ಹುಟ್ಟುಹಬ್ಬಕ್ಕೆ ಆ ಹೆಂಗಸಿನಿಂದ ಮೆಸೇಜ್ ಬಂತು. 'ಥ್ಯಾಂಕ್ಸ್' ಎಂದು ಬರೆದು ಅಳಿಸಿಬಿಟ್ಟೆ. ನನಗೆ ಜಗಳ ಆಗಿಬರುವುದಿಲ್ಲ, ಮೊದಲಿನಿಂದಲೂ. ರಾತ್ರಿ ನಿದ್ದೆಯಿಲ್ಲ.

ಉತ್ತರ: ಯುಗಾದಿಯ ಪ್ರಶ್ನೆಯಿಂದಲೇ ಶುರು ಮಾಡೋಣ. ನೀವು ಹೇಳಿದ ಮೂರು ತಿಂಗಳ ಲೆಕ್ಕದಲ್ಲಿ ಆ ಯುಗಾದಿ ಬರುವುದೇ ಇಲ್ಲ. ಆದರೂ ನಿಮ್ಮ ಪತ್ನಿ ಅದನ್ನೇ ಕೇಳುತ್ತಿದ್ದಾರೆ. ಎಂದರೆ ನಿಮ್ಮ ಲೆಕ್ಕ ತಾಳೆಯಾಗುತ್ತಿಲ್ಲ ಎಂಬುದು ಅವರಿಗೆ ಎಲ್ಲೋ ಗೊತ್ತಾಗಿದೆ. ಮೋಸ ಬಯಲಾದ ಮೇಲೆ ಮೋಸಹೋದವರ ಮನಸ್ಸು ಹಿಂದಿನ ದಿನಗಳನ್ನೆಲ್ಲ ಮತ್ತೆ ತಿರುವಿ ಹಾಕುತ್ತದೆ. ಹಬ್ಬಕ್ಕೆ ಬಾರದ ದಿನ, ಫೋನ್ ಹಿಡಿದು ಟೆರೇಸಿಗೆ ಹೋದ ಸಂಜೆ, ಕಾರಣವಿಲ್ಲದೆ ಸಿಡುಕಿದ ಭಾನುವಾರ, ಅದ್ಯಾವ ಗೆಳೆಯನದೋ ಆಪರೇಷನ್. 'ನನಗೆ ನಿಜವೆನಿಸಿದ ಬದುಕಿನಲ್ಲಿ ನಿಜ ಎಷ್ಟಿತ್ತು?' ಎಂದು ಅವರು ಒಂದೊಂದನ್ನೇ ಎತ್ತಿ ನೋಡುತ್ತಿದ್ದಾರೆ. ಇದನ್ನು ಹಠ ಎಂದಾಗಲೀ ಸಂಶಯದ ಕಾಯಿಲೆ ಎಂದಾಗಲೀ ತಿಳಿಯಬೇಡಿ. ಸತ್ಯ ಪೂರ್ತಿ ಗೊತ್ತಾದವರೂ ಕೆಲವು ತಿಂಗಳು ಹೀಗೆಯೇ ಕೇಳುತ್ತಾರೆ, ಆದರೆ ದಿನ ಕಳೆದಂತೆ ಪ್ರಶ್ನೆಗಳ ನಡುವಿನ ಬಿಡುವು ಹೆಚ್ಚುತ್ತದೆ. ಎಂಟು ತಿಂಗಳಾದರೂ ಒಂದೇ ಪ್ರಶ್ನೆ ಅದೇ ಜಾಗದಲ್ಲಿ ನಿಂತಿದ್ದರೆ, ಬಹಳ ಸಲ ಅಲ್ಲೇನೋ ಹೇಳದೆ ಉಳಿದಿರುತ್ತದೆ.

ಹೀಗಾಗಿ ನಿಮ್ಮ ಎರಡು ಪ್ರಶ್ನೆ ನಿಜಕ್ಕೂ ಒಂದೇ. ನೀವು ಕ್ಷಮೆ ಪಡೆದದ್ದು ಮೂರು ತಿಂಗಳಿಗೆ, ಎರಡು ಭೇಟಿಗೆ. ಹತ್ತೊಂಬತ್ತು ತಿಂಗಳಿಗೆ, ಎಫ್‌ಡಿಗೆ, ದೀಪ ಮುಟ್ಟಿದ ಸುಳ್ಳಿಗೆ ನೀವಿನ್ನೂ ಕ್ಷಮೆ ಕೇಳಿಯೇ ಇಲ್ಲ. ಅವರು ಮನಃಪೂರ್ವಕವಾಗಿಯೇ ಕ್ಷಮಿಸಿರಬಹುದು, ಆದರೆ ಅದು ನಡೆಯದ ಇನ್ನೊಂದು ಕಥೆಗೆ ಸಂದ ಕ್ಷಮೆ. ನಿಮಗೆ ನಿದ್ದೆ ಬಾರದಿರುವುದು ಇದಕ್ಕೇ. ತಪ್ಪುಕಾಣಿಕೆ ಹಾಕಿ ಬಂದದ್ದು ನಿಮ್ಮ ಮತ್ತು ದೇವರ ನಡುವಿನ ವಿಷಯ, ಅದರ ಬಗ್ಗೆ ನನ್ನ ಮಾತಿಲ್ಲ. ಹೆಂಡತಿಗೆ ಸಲ್ಲಬೇಕಾದದ್ದು ಹುಂಡಿಯಿಂದ ಸಲ್ಲುವುದಿಲ್ಲ.

ಕಾನೂನು ಕೂಡ ಕ್ಷಮೆಯನ್ನು ಹೀಗೆಯೇ ನೋಡುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನ ಪ್ರಕಾರ ಪರಸಂಗ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಆದರೆ ಸಂಗಾತಿ ಅದನ್ನು ಮನ್ನಿಸಿದ್ದರೆ 23ನೇ ಕಲಮು ಅಡ್ಡ ಬರುತ್ತದೆ. ಈ ಮನ್ನಿಸುವಿಕೆ ಎಂದರೇನು ಎಂಬುದನ್ನು ಸುಪ್ರೀಂ ಕೋರ್ಟ್ 1975ರಲ್ಲಿ ದಾಸ್ತಾನೆ ದಂಪತಿಯ ಪ್ರಕರಣದಲ್ಲಿ ಬಿಡಿಸಿ ಹೇಳಿತು: ಕ್ಷಮಿಸಬೇಕು, ಜೊತೆಗೆ ತಪ್ಪು ಮಾಡಿದವರನ್ನು ಮೊದಲಿದ್ದ ಸ್ಥಾನಕ್ಕೇ ಮರಳಿ ಸೇರಿಸಿಕೊಳ್ಳಬೇಕು, ಎರಡೂ ಇದ್ದರೆ ಮಾತ್ರ ಅದು ಮನ್ನಿಸುವಿಕೆ. ಅದಕ್ಕೂ ಒಂದು ಷರತ್ತು ಸದಾ ಅಂಟಿಕೊಂಡಿರುತ್ತದೆ, ಮತ್ತೆ ತಪ್ಪು ಮಾಡಬಾರದು ಎಂದು. ಗೊತ್ತೇ ಇಲ್ಲದ ತಪ್ಪನ್ನು ಮನ್ನಿಸಲು ಬರುವುದಿಲ್ಲ ಎಂಬುದೂ ಇದರಲ್ಲಿ ಸೇರಿದ ಹಳೆಯ ತತ್ವ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಪರಸಂಗವನ್ನು ಅಪರಾಧವೆನ್ನುತ್ತಿದ್ದ ಐಪಿಸಿ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ರದ್ದು ಮಾಡಿದೆ, ಅದಕ್ಕಾಗಿ ಇಂದು ಯಾರನ್ನೂ ಜೈಲಿಗೆ ಹಾಕುವುದಿಲ್ಲ. ನಿಮ್ಮ ಪತ್ನಿಯ ಕೈಯಲ್ಲಿ ಒಂದು ಆಯ್ಕೆ ಇದೆ, ಆ ಆಯ್ಕೆಗೆ ಬೇಕಾದ ಸಂಗತಿಗಳನ್ನು ನೀವು ತಡೆದು ಹಿಡಿದಿದ್ದೀರಿ ಎಂದು ತೋರಿಸುವುದಕ್ಕಷ್ಟೇ ಇದು.

'ಆರಿದ ಬೆಂಕಿ ಕೆದಕಬೇಡ' ಎಂಬ ಮಾತನ್ನು ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಇದು ಆರಿದ ಬೆಂಕಿಯಲ್ಲ, ಬೂದಿ ಮುಚ್ಚಿದ ಕೆಂಡ. ಎಫ್‌ಡಿ ಮುರಿದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ. ಹಣವನ್ನು ಆನ್‌ಲೈನಿನಲ್ಲಿ ಕಳಿಸಿದ್ದರೆ ಯಾರ ಹೆಸರಿಗೆ, ಯಾವ ತಾರೀಖಿಗೆ ಎಂಬುದೂ ಇದೆ. ಹುಬ್ಬಳ್ಳಿಯ ಆಫೀಸಿನಲ್ಲಿ ಒಬ್ಬಿಬ್ಬರಿಗಾದರೂ ಗೊತ್ತಿರುತ್ತದೆ. ಆ ಹೆಂಗಸು ಈಗಲೂ ಮೆಸೇಜ್ ಕಳಿಸುತ್ತಿದ್ದಾರೆ. ಇಷ್ಟು ಬಾಗಿಲುಗಳಲ್ಲಿ ಯಾವುದು ತೆರೆದರೂ ಸುದ್ದಿ ನಿಮ್ಮ ಬಾಯಿಂದ ಬರುವುದಿಲ್ಲ, ಹೊರಗಿನಿಂದ ಬರುತ್ತದೆ. ಕೌನ್ಸೆಲಿಂಗ್‌ಗೆ ಬರುವ ದಂಪತಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಮೊದಲ ಸಲ ಗೊತ್ತಾದಾಗ ಉಳಿದುಕೊಂಡ ಮದುವೆ ಎರಡನೆಯ ಸಲ ಗೊತ್ತಾದಾಗ ಮುರಿಯುತ್ತದೆ. ಏಕೆಂದರೆ ಎರಡನೆಯ ಸಲ ಸಿಕ್ಕಿಬೀಳುವುದು ಸಂಬಂಧವಲ್ಲ, ಪಶ್ಚಾತ್ತಾಪ. 'ಕಾಲು ಹಿಡಿದು ಅತ್ತಾಗಲೂ ಸುಳ್ಳು ಹೇಳುತ್ತಿದ್ದರು' ಎಂಬ ಮಾತಿಗೆ ಉತ್ತರ ಹೇಳುವುದು ಬಹಳ ಕಷ್ಟ.

ನೀವು ಯಾಕೆ ಮುಚ್ಚಿಟ್ಟಿರಿ ಎಂಬುದನ್ನು ನಿಮ್ಮ ಪತ್ರವೇ ಹೇಳುತ್ತದೆ: 'ನನಗೆ ಜಗಳ ಆಗಿಬರುವುದಿಲ್ಲ.' ಈ ಮಾತನ್ನು ನೀವು ಸಾಧುತನದ ಲಕ್ಷಣವೆಂಬಂತೆ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಬೇರು ಅಲ್ಲೇ ಇದೆ. ಮನೆಯಿಂದ ದೂರದ ರೂಮು, ಸಂಜೆಯ ಒಂಟಿತನ, ಮೆಚ್ಚಿ ಮಾತಾಡುವ ಒಬ್ಬರು, ಇವು ಅವಕಾಶ ಒದಗಿಸಿದವು, ನಿಜ. ಅಂಥ ರೂಮುಗಳಲ್ಲಿ ಇರುವವರೆಲ್ಲ ಹೀಗೆ ಮಾಡುವುದಿಲ್ಲ. ಕಷ್ಟದ ಮಾತು ಬಂದಾಗಲೆಲ್ಲ ಸುಲಭದ ಸುಳ್ಳಿಗೆ ಜಾರುವ ಅಭ್ಯಾಸ ನಿಮ್ಮಲ್ಲಿ ಮೊದಲೇ ಇತ್ತು. 'ನನಗೆ ಇಲ್ಲಿ ಒಂಟಿ ಅನಿಸುತ್ತಿದೆ' ಎಂದು ಮನೆಯಲ್ಲಿ ಹೇಳಲಿಲ್ಲ. ಆ ಹೆಂಗಸಿಗೆ 'ಇದು ಬೇಡ' ಎನ್ನಲಿಲ್ಲ. ಹಣ ಕೇಳಿದಾಗ ಇಲ್ಲ ಎನ್ನಲಿಲ್ಲ. ಸಿಕ್ಕಿಬಿದ್ದಾಗ ಮೂರು ತಿಂಗಳು ಎಂದಿರಿ, ಮೊನ್ನೆ 'ಥ್ಯಾಂಕ್ಸ್' ಎಂದು ಬರೆದು ಅಳಿಸಿದಿರಿ. ಐದೂ ಸಲ ನೀವು ಮಾಡಿದ್ದು ಒಂದೇ ಕೆಲಸ. ಸಂಬಂಧ ಮುಗಿದಿದ್ದರೂ ಆ ಅಭ್ಯಾಸ ಮುಗಿದಿಲ್ಲ. ನಡೆ-ನುಡಿ ಒಂದಾಗಬೇಕು ಎಂದು ನಿಮಗೆ ನಿಜವಾಗಿ ಅನಿಸಿದ್ದರೆ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ.

ಹೆಂಡತಿಯಲ್ಲಿ ಏನೋ ಕೊರತೆ ಇದ್ದಿರಬೇಕು ಎಂಬ ಮಾತು ಸುತ್ತಲಿನವರಿಂದ ಬಂದೇ ಬರುತ್ತದೆ. ಅದನ್ನು ನೀವು ಆಡಬೇಡಿ, ಬೇರೆಯವರು ಆಡಿದಾಗ ಸುಮ್ಮನೆಯೂ ಇರಬೇಡಿ. ದಾಂಪತ್ಯದಲ್ಲಿ ಬೇಸರವಿದ್ದರೆ ಅದಕ್ಕೆ ಇಬ್ಬರೂ ಪಾಲುದಾರರು. ಮೋಸಕ್ಕೆ ಒಬ್ಬರೇ.

ಇನ್ನು ದಾರಿಗಳು. ಹೇಳದೆ ಉಳಿಯುವುದರ ಅಪಾಯ ಬರೆದೆ. ಎರಡನೆಯದು, ಈ ರಾತ್ರಿಯೇ ಎಲ್ಲವನ್ನೂ ಕಕ್ಕಿ ಹಗುರಾಗುವುದು. ಇದೂ ಬೇಡ. ಹಾಗೆ ಹೇಳಿದಾಗ ಹಗುರಾಗುವವರು ನೀವು, ಭಾರ ಹೊರುವವರು ಅವರು. ಅವಸರದಲ್ಲಿ ಮತ್ತೆ ಏನನ್ನೋ ಬಿಡುತ್ತೀರಿ, ಆಮೇಲೆ ಅದೂ ಹೊರಬರುತ್ತದೆ. ಸತ್ಯ ಕಂತುಕಂತಾಗಿ ಬಂದರೆ ಪ್ರತಿ ಕಂತೂ ಮೊದಲ ದಿನದ ಪೆಟ್ಟನ್ನೇ ಹೊಸದಾಗಿ ಕೊಡುತ್ತದೆ. ಮೂರನೆಯದು, ಸಿದ್ಧತೆ ಮಾಡಿಕೊಂಡು, ಒಂದೇ ಸಲ, ಪೂರ್ತಿ ಹೇಳುವುದು. ನನ್ನ ಸಲಹೆ ಇದೇ. ಎಂದೋ ಮುಗಿದುಹೋದ, ಸಂಗಾತಿ ಎಂದೂ ಕೇಳಿರದ ಹಳೆಯ ಸಂಬಂಧದ ಬಗ್ಗೆ ಆಪ್ತಸಮಾಲೋಚಕರಲ್ಲೇ ಭಿನ್ನಾಭಿಪ್ರಾಯವಿದೆ. ನಿಮ್ಮದು ಆ ಜಾತಿಗೆ ಸೇರಿದ್ದಲ್ಲ. ನಿಮ್ಮ ಪತ್ನಿ ನೇರವಾಗಿ ಕೇಳಿದ್ದಾರೆ, ಇಂದಿಗೂ ಕೇಳುತ್ತಲೇ ಇದ್ದಾರೆ.

ಮೊದಲು ಆ ಸಂಪರ್ಕ ಮುಗಿಸಿ. ಎರಡೇ ಸಾಲಿನ ಮೆಸೇಜ್ ಸಾಕು: ಇನ್ನು ಯಾವ ಕಾರಣಕ್ಕೂ ಸಂಪರ್ಕಿಸಬೇಡಿ, ನಾನೂ ಸಂಪರ್ಕಿಸುವುದಿಲ್ಲ. ನೆನಪು, ಶುಭಾಶಯ, ವಿವರಣೆ ಯಾವುದೂ ಅದರಲ್ಲಿ ಇರಬಾರದು. ಆ ಮೆಸೇಜನ್ನು ಅಳಿಸದೆ ಇಟ್ಟುಕೊಂಡು ನಂತರ ನಂಬರ್ ಬ್ಲಾಕ್ ಮಾಡಿ.

ಎರಡನೆಯದು ಆರೋಗ್ಯ. ಈ ವಿಷಯವನ್ನು ಹೆಚ್ಚಿನವರು ಮುಜುಗರದಿಂದ ದಾಟಿಸಿಬಿಡುತ್ತಾರೆ. ನೀವು ಮನೆಗೆ ಬಂದುಹೋಗುತ್ತಿದ್ದಷ್ಟು ದಿನ ಪತ್ನಿಯ ಆರೋಗ್ಯವೂ ಅಪಾಯದಲ್ಲಿತ್ತು, ಅವರಿಗದು ಗೊತ್ತಿಲ್ಲ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಹೊರಗಿನ ಸಂಪರ್ಕ ನಿಂತು ಮೂರು ತಿಂಗಳು ದಾಟಿರುವುದರಿಂದ ಈಗ ಬರುವ ಫಲಿತಾಂಶವನ್ನು ನಂಬಬಹುದು. ಅದರ ಜೊತೆಗೇ ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ರಿಪೋರ್ಟ್ ಕೈಯಲ್ಲಿರಲಿ. ನಿಮ್ಮದು ಸರಿ ಇದ್ದರೂ ಪತ್ನಿ ತಮ್ಮ ಸಮಾಧಾನಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಬಯಸಿದರೆ ಅದು ಅವರ ಹಕ್ಕು.

ಮೂರನೆಯದು ಬರವಣಿಗೆ. ಬಾಯಲ್ಲಿ ಹೇಳುವ ಮುನ್ನ ಕಾಗದದ ಮೇಲೆ ಬರೆಯಿರಿ. ಅದರಲ್ಲಿ ಇರಬೇಕಾದದ್ದು ಇಷ್ಟು: ಯಾರು, ಎಂದಿನಿಂದ ಎಂದಿನವರೆಗೆ, ದೈಹಿಕ ಸಂಬಂಧ ಇತ್ತೇ, ಸುಮಾರು ಎಷ್ಟು ಕಾಲ, ರಕ್ಷಣೆ ಬಳಸಿದ್ದಿರೇ, ನಿಮ್ಮ ಮನೆಯೊಳಗೆ ಏನಾದರೂ ನಡೆದಿತ್ತೇ, ಎಷ್ಟು ಹಣ, ಯಾವ ಖಾತೆಯಿಂದ, ಯಾವ ತಾರೀಖು, ಯಾರ್‍ಯಾರಿಗೆ ಗೊತ್ತಿತ್ತು, ಕೊನೆಯ ಸಂಪರ್ಕ ಎಂದು. ಹುಟ್ಟುಹಬ್ಬದ ಮೆಸೇಜ್ ಕೂಡ ಬರಬೇಕು. ಯುಗಾದಿಯ ದಿನ ಎಲ್ಲಿದ್ದಿರಿ ಎಂಬುದು ಬರಬೇಕು. ಹೇಳಿದ ಸುಳ್ಳುಗಳನ್ನು ಸುಳ್ಳು ಎಂದೇ ಕರೆದು ಒಂದೊಂದಾಗಿ ಬರೆಯಿರಿ: ಗೆಳೆಯನ ಆಪರೇಷನ್, ಮಾರ್ಚ್ ಎಂಡ್, ದೀಪದ ಆಣೆ. ಬರೆಯಬಾರದ್ದೂ ಇದೆ. ಹಾಸಿಗೆಯ ವಿವರ, ಆಕೆಯ ರೂಪದ ವರ್ಣನೆ, 'ಆಕೆ ನನ್ನನ್ನು ಅರ್ಥ ಮಾಡಿಕೊಳ್ಳುತ್ತಿದ್ದಳು' ಎಂಬ ಹೋಲಿಕೆ, ಇವು ಸತ್ಯದ ಹೆಸರಿನಲ್ಲಿ ಕೊಡುವ ಚಿತ್ರಗಳು. ಒಮ್ಮೆ ಕಣ್ಣಿಗೆ ಕಟ್ಟಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಅವರೇ ಅಂಥದ್ದನ್ನು ಕೇಳಿದರೆ, 'ಹೇಳಲು ತಯಾರಿದ್ದೇನೆ, ಆದರೆ ಒಂದು ವಾರ ಬಿಟ್ಟು ಆಗಲೂ ಬೇಕೆನಿಸಿದರೆ ಕೇಳು' ಎನ್ನಿ. ವಾರದ ನಂತರ ಎಷ್ಟೋ ಜನ ಬೇಡ ಎನ್ನುತ್ತಾರೆ. ಬೇಕೇ ಬೇಕು ಎಂದರೆ ಆಪ್ತಸಮಾಲೋಚಕರ ಮುಂದೆ ಮಾತಾಡಿ.

ಹೇಳುವ ದಿನವನ್ನು ಯೋಚಿಸಿ ಆರಿಸಿ. ಹಬ್ಬದ ಹಿಂದು ಮುಂದು ಬೇಡ, ಮಕ್ಕಳ ಪರೀಕ್ಷೆಯ ವಾರ ಬೇಡ, ರಾತ್ರಿ ಹನ್ನೊಂದಕ್ಕಂತೂ ಬೇಡ. ರಜೆಯ ದಿನ ಬೆಳಿಗ್ಗೆ, ಮಕ್ಕಳು ಅಜ್ಜಿಯ ಮನೆಯಲ್ಲಿರುವಾಗ, ಎರಡು ಗಂಟೆ ಬಿಡುವಿರಲಿ. ಆಪ್ತಸಮಾಲೋಚಕರ ಎದುರಿಗೆ ಆದರೆ ಇನ್ನೂ ಒಳ್ಳೆಯದು. ಪತ್ನಿಯ ಅಕ್ಕನೋ ಆಪ್ತ ಗೆಳತಿಯೋ ಆ ಸಂಜೆ ಜೊತೆಗಿರುವಂತೆ ನೋಡಿಕೊಳ್ಳಿ, ಯಾರು ಎಂಬುದನ್ನು ಅವರೇ ಹೇಳಲಿ. ನೀವು ಓದುವಾಗ ಅಳು ಬಂದರೆ ಬರಲಿ, ಆದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾದ ಸ್ಥಿತಿ ತರಬೇಡಿ. ಕೊನೆಯಲ್ಲಿ 'ಕ್ಷಮಿಸ್ತೀಯಾ?' ಎಂದು ಕೇಳಲೇಬೇಡಿ. ಆ ದಿನ ಅದು ಪ್ರಶ್ನೆಯಾಗುವುದಿಲ್ಲ, ಒತ್ತಾಯವಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಪತ್ನಿಗೆ ಹಿಂದೆ ಖಿನ್ನತೆ ಇದ್ದಿದ್ದರೆ, ಮೊದಲ ಸಲ ಗೊತ್ತಾದಾಗ ಸಾಯುವ ಮಾತಾಡಿದ್ದರೆ, ಮನೋವೈದ್ಯರನ್ನು ಕಂಡು ಅವರ ಸಲಹೆಯಂತೆ ದಿನ ಗೊತ್ತು ಮಾಡಿ. 14416 ಟೆಲಿ ಮನಸ್ ಸಹಾಯವಾಣಿಯಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು. ಆ ನಂಬರನ್ನು ನೀವು ಇಟ್ಟುಕೊಳ್ಳಿ, ಅವರಿಗೂ ಕೊಡಿ. ನಿಮಗೂ ಅದು ಬೇಕಾಗಬಹುದು.

ಹೇಳಿದ ಮೇಲೆ ಮನೆ ಎಂಟು ತಿಂಗಳ ಹಿಂದಿನ ಸ್ಥಿತಿಗೆ ಹೋಗುತ್ತದೆ, ಬಹುಶಃ ಅದಕ್ಕಿಂತ ಕೆಳಕ್ಕೆ. 'ಮೊದಲೇ ಹೇಳದೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು' ಎಂದು ನಿಮಗನಿಸುವ ವಾರಗಳು ಬರುತ್ತವೆ. ಆಗ ನಿಮ್ಮ ಹಳೆಯ ಅಭ್ಯಾಸ ಕೈ ಹಿಡಿದು ಎಳೆಯುತ್ತದೆ. 'ಎಷ್ಟು ಸಲ ಅದನ್ನೇ ಕೇಳ್ತೀಯ?', 'ಹೇಳಿದ್ದೇ ತಪ್ಪಾಯ್ತು' ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಪ್ರಶ್ನೆ ಬಂದಾಗ ಚಿಕ್ಕದಾಗಿ, ನೇರವಾಗಿ ಉತ್ತರ ಕೊಡಿ. ನಿನ್ನೆಯ ಉತ್ತರವೇ ಇವತ್ತೂ ಇರಲಿ. ರಾತ್ರಿಯಿಡೀ ವಿಚಾರಣೆ ನಡೆದರೆ ಇಬ್ಬರೂ ಕುಸಿಯುತ್ತೀರಿ, ಆದ್ದರಿಂದ ಊಟದ ನಂತರ ಅರ್ಧ ಗಂಟೆ ಇದಕ್ಕೆಂದೇ ಇಡಿ. ಆ ಅರ್ಧ ಗಂಟೆಯನ್ನು ನೀವೇ ನೆನಪಿಸಿ ಕರೆಯಬೇಕು. ತಪ್ಪು ಮಾಡಿದವರು ತಾವಾಗಿ ಬಂದು ಕೂತು 'ಇವತ್ತು ಏನಾದರೂ ಕೇಳುವುದಿದೆಯಾ?' ಎಂದಾಗ ಮೋಸಹೋದವರು ಹೊತ್ತ ಕಾವಲಿನ ಕೆಲಸ ಸ್ವಲ್ಪ ಇಳಿಯುತ್ತದೆ. ಮುಂದಿನ ಯುಗಾದಿ ಹತ್ತಿರ ಬಂದಾಗಲೂ ಹೀಗೆಯೇ, ನೀವೇ ಮೊದಲು ಮಾತು ತೆಗೆಯಿರಿ.

ಮೊಬೈಲ್ ತೆರೆದಿಡಿ. ಬ್ಯಾಂಕ್ ಮೆಸೇಜ್‌ಗಳು ಅವರ ನಂಬರಿಗೂ ಹೋಗುವಂತೆ ಆಗುವುದಾದರೆ ಮಾಡಿಸಿ. ಇದಕ್ಕೊಂದು ಅವಧಿ ಇರಲಿ, ಆರು ತಿಂಗಳಿಗೊಮ್ಮೆ ಇಬ್ಬರೂ ಕೂತು ಮುಂದುವರಿಸಬೇಕೇ ಎಂದು ಮಾತಾಡಿಕೊಳ್ಳಿ. ಜೀವನವಿಡೀ ಗಂಡನ ಫೋನ್ ಕಾಯುವುದು ಅವರಿಗೂ ಶಿಕ್ಷೆಯೇ. ಹಣದ ವಿಷಯದಲ್ಲಿ ಮಾತು ಸಾಲದು. 1,80,000 ರೂಪಾಯಿಯನ್ನು ನಿಮ್ಮ ವೈಯಕ್ತಿಕ ಖರ್ಚಿನಿಂದ ಉಳಿಸಿ, ತಿಂಗಳಿಗೆ 10,000ದಂತೆ 18 ತಿಂಗಳಲ್ಲಿ ಪತ್ನಿಯ ಹೆಸರಿನ ಖಾತೆಗೆ ತುಂಬಿ. ಮನೆಖರ್ಚಿಗಾಗಲೀ ಮಕ್ಕಳ ಫೀಸಿಗಾಗಲೀ ಕೈ ಹಾಕದೆ ತುಂಬಬೇಕು. ನಂಬಿಕೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಪಾಸ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಾಲು ಬೀಳುವುದು ಕಾಣುತ್ತದೆ.

ಮತ್ತೆ ಆಣೆ ಮಾಡಬೇಡಿ. ಅವರು ಕೇಳಿದರೂ, ಮಕ್ಕಳ ತಲೆ ಮುಟ್ಟಿ ಎಂದರಂತೂ, ಮಾಡಬೇಡಿ. ದೀಪ ಮುಟ್ಟಿ ಹೇಳಿದ ಮಾತು ಸುಳ್ಳಾಗಿರುವಾಗ ಇನ್ನೊಂದು ಆಣೆಗೆ ಬೆಲೆಯಿಲ್ಲ, ಮಕ್ಕಳ ತಲೆ ಸಾಕ್ಷಿಗಿಡುವ ವಸ್ತುವೂ ಅಲ್ಲ. 'ನನ್ನ ಮಾತನ್ನು ನಂಬಬೇಡ, ಪರೀಕ್ಷಿಸಿ ನೋಡು' ಎನ್ನಿ. ಮಕ್ಕಳಿಗೆ ವಿವರ ಬೇಡ. ಮನೆಯ ಗಾಳಿ ಬದಲಾದದ್ದು ದೊಡ್ಡವಳಿಗಾದರೂ ತಿಳಿದಿರುತ್ತದೆ. 'ಅಪ್ಪನಿಂದ ಅಮ್ಮನಿಗೆ ನೋವಾಗಿದೆ, ಅದನ್ನು ಸರಿಪಡಿಸಲು ನೋಡುತ್ತಿದ್ದೇವೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ' ಎಂದು ಇಬ್ಬರೂ ಸೇರಿ ಹೇಳಿದರೆ ಸಾಕು.

ಈಗ ಕ್ಷಮೆ. ಅದನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಎನ್‌ರೈಟ್ ಕ್ಷಮಿಸುವುದನ್ನೂ ಮತ್ತೆ ಕೂಡಿ ಬಾಳುವುದನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಕ್ಷಮೆ ಒಬ್ಬರ ಮನಸ್ಸಿನೊಳಗೆ ಆಗುವಂಥದ್ದು, ಕೂಡಿ ಬಾಳಲು ಇಬ್ಬರು ಬೇಕು. ನಿಮ್ಮ ಪತ್ನಿ ಮುಂದೊಂದು ದಿನ ಕ್ಷಮಿಸಿಯೂ ಬೇರೆಯಾಗಬಹುದು. ಕ್ಷಮಿಸಲಾಗದೆಯೂ ಜೊತೆಗಿರಬಹುದು. ಕ್ಷಮಿಸಿದರೂ ನೆನಪು ಅಳಿಯುವುದಿಲ್ಲ, ಮರೆಯಬೇಕೆಂದು ಕೇಳುವ ಹಕ್ಕು ನಿಮಗಿಲ್ಲ. 'ಆಯ್ತು, ಕ್ಷಮಿಸಿದ್ದೇನೆ' ಎಂದು ಮೂರೇ ತಿಂಗಳಿಗೆ ಬಂದ ಮಾತಿನಲ್ಲಿ ದಣಿವು ಎಷ್ಟಿತ್ತು, ಹಿರಿಯರ ಒತ್ತಡ ಎಷ್ಟಿತ್ತು ಎಂದು ಅವರನ್ನೇ ಕೇಳಿ ನೋಡಿ. ಇಂಥ ಪೆಟ್ಟಿನಿಂದ ಚೇತರಿಸಿಕೊಳ್ಳಲು ವರ್ಷಕ್ಕೂ ಹೆಚ್ಚು ಬೇಕಾಗುವುದೇ ಸಾಮಾನ್ಯ, ನೀವು ಪೂರ್ತಿ ಹೇಳಿದ ದಿನದಿಂದ ಆ ಎಣಿಕೆ ಹೊಸದಾಗಿ ಶುರು.

ಬೇರೆಯಾಗುತ್ತೇನೆ ಎಂದರೆ ಅಡ್ಡಗಟ್ಟಬೇಡಿ, ಮಕ್ಕಳನ್ನು ಮುಂದೆ ತರಬೇಡಿ, ಹಿರಿಯರನ್ನು ಕೂಡಿಸಿ ಪಂಚಾಯಿತಿ ಮಾಡಿಸಬೇಡಿ. ಕೆಲವು ತಿಂಗಳು ತವರಿನಲ್ಲಿದ್ದು ಯೋಚಿಸುತ್ತೇನೆ ಎಂದರೆ ಆ ತಿಂಗಳುಗಳ ಖರ್ಚನ್ನು ಅವರು ಕೇಳುವ ಮೊದಲೇ ಕಳಿಸಿ. ವಿಚ್ಛೇದನವೇ ಆಗಬೇಕೆಂದರೆ, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ ಇಬ್ಬರೂ ಒಪ್ಪಿ ಹಾಕುವ ಅರ್ಜಿಗೆ ಮೊದಲು ಒಂದು ವರ್ಷ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸಂದರ್ಭ ನೋಡಿ ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅವರು ತಮ್ಮದೇ ವಕೀಲರನ್ನು ಕಾಣಲಿ, ನಿಮ್ಮ ಪರಿಚಯದವರು ಬೇಡ.

ಇಷ್ಟೆಲ್ಲ ಮಾಡಿದರೂ ಮದುವೆ ಉಳಿಯುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಉಳಿದರೆ ಅವರಿಗೆ ಗೊತ್ತಿರುವ ಮನುಷ್ಯನ ಜೊತೆ ಉಳಿಯುತ್ತದೆ. ಕಾಗದ ಹಿಡಿದು ಕೂತಾಗ ಮೊದಲ ಸಾಲು ತೋಚದಿದ್ದರೆ ಹೀಗೆ ಬರೆಯಿರಿ: 'ಯುಗಾದಿಯ ದಿನ ಎಲ್ಲಿದ್ದೆ ಎಂದು ನೀನು ಕೇಳುತ್ತಿದ್ದೆ. ನಿನ್ನ ಅನುಮಾನ ಸರಿಯಾಗಿತ್ತು.'